ಶ್ಯಾವಿಗಿ ಕೋಲಿನ ಆ ತುದಿ

ಇವತ್ತಿಗೆ ಮೂರು ದಿನ, ಮನೆಯಲ್ಲಿ ಮುರಿದ ಶ್ಯಾವಿಗಿಯ ಉಪ್ಪಿಟ್ಟೇ ಗತಿ. ಕಾರಣ ನನ್ನ ಅಕ್ಕನ ಮಗ.

ಹುಡುಗ ನ್ಯಾನೋವೈರ್ ಮೇಲೆ ಪಿಎಚ್.ಡಿ. ಮಾಡ್ತಾನೆ. ತಲೆಗೂದಲಿನ ಸಾವಿರದಲ್ಲೊಂದು ಪಾಲು ದಪ್ಪದ ತಂತಿ. ಹಾಲು ಉಕ್ಕಿದರೂ, ರೊಟ್ಟಿ ಹಂಚಿಗೆ ಹತ್ತಿದರೂ ಅವನದೊಂದೇ ಮಾತು: "ಸರ್ಫೇಸ್ ಎಫೆಕ್ಟ್ ಮಾಮಾ." ಅಂದರೆ ಎಲ್ಲಾ ಮೈಯ, ಮೇಲ್ಮೈಯ ಆಟ.

ಮೊನ್ನೆ ನವನಗರದ ನಮ್ಮ ಮಾಳಿಗಿ ಮೇಲೆ ಅವ್ವ ಜವೆಗೋಧಿ ಶ್ಯಾವಿಗಿ ಒಣಹಾಕಿದ್ದಳು. ಬಾಗಲಕೋಟೆಯ ಬಿಸಿಲು ನಂಬಿಕೊಂಡು ಕೂತರೆ ಅಡ್ಡಮಳಿ ಬಂತು. ಕೋಲಿನ ಈ ತುದಿ ನಾನು, ಆ ತುದಿ ಅವನು. ನಡುಮೆಟ್ಟಿಲಲ್ಲಿ ನಿಂತುಬಿಟ್ಟ.

"ನೋಡ್ ಮಾಮಾ, ತಂತಿ ದಪ್ಪ ಅರ್ಧಕ್ಕ ಇಳಿದ್ರ, ಒಡಲಿನ ಲೆಕ್ಕದಾಗ ಮೈ ಎರಡು ಪಟ್ಟು ಆಗ್ತದ. ಮೈಮ್ಯಾಲಿನ ಪರಮಾಣುಗಳಿಗೆ ಹೊರಗಡೆ ನೆರೆಯವರಿಲ್ಲ. ಅದಕ್ಕ ಸುಮ್ನ ಇರಂಗಿಲ್ಲ, ಎಳದಾಡ್ತಾವ."

ನೆರೆಯವರಿಲ್ಲದೆಯೂ ಎಳೆದಾಟವೇ ಎಂದು ನನಗೆ ಆಶ್ಚರ್ಯ. 1744ರಲ್ಲಿ ಕಂಬ ಬಾಗುವ ಲೆಕ್ಕ ಹಾಕಿದ ಗಣಿತಜ್ಞ ಆಯ್ಲರನಿಂದ ಹೊರಟು, 1975ರಲ್ಲಿ ಮೈಗೇ ಬೇರೆ ಲೆಕ್ಕ ಕೊಟ್ಟ ಗರ್ಟಿನ್, ಮರ್ಡಾಕ್ ಎಂಬಿಬ್ಬರವರೆಗೆ ಅವನು ಬರುವಷ್ಟರಲ್ಲಿ ನನ್ನ ಅಂಗಿ ಪೂರ್ತಿ ತೊಯ್ದಿತ್ತು.

"ಮೈ ಬಿಗಿ ಎಳೀತಿದ್ರ, ಎರಡೂ ತುದಿ ಹಿಡಿದ ತಂತಿ ಅರಿವಿ ಒಣಹಾಕೋ ಹಗ್ಗದಂಗ ಗಟ್ಟಿ. ಲಗೂನ ಬಾಗಂಗಿಲ್ಲ. ಒಂದ್ ತುದಿ ಬಿಟ್ಟ್ರ, ಅದೇ ಎಳೆತಕ್ಕ ಮೆತ್ತಗಾಗ್ತದ."

"ಹೆಂಗ?" ಎಂದೆ. ತಪ್ಪು ನನ್ನದೇ.

ತೋರಿಸಲಿಕ್ಕೆ ಕೈಬಿಟ್ಟ.

ಕೋಲಿನ ತುಂಬ ಇದ್ದ ಶ್ಯಾವಿಗಿ ಮೆಟ್ಟಿಲ ತುಂಬ ಆಯಿತು. ಅವನು ಬಗ್ಗಿ ನೋಡಿ, ಗಂಭೀರವಾಗಿ, "ಇದು ಸರ್ಫೇಸ್ ಎಫೆಕ್ಟ್ ಅಲ್ಲ ಮಾಮಾ, ಗ್ರ್ಯಾವಿಟಿ" ಅಂದ.

ಉಳಿದ ಕೋಲುಗಳ ಎಳೆಗಳೂ ತೊಯ್ದು ಜೋಡಿಜೋಡಿಯಾಗಿ ಅಂಟಿದ್ದವು. ಅವರ ಲ್ಯಾಬಿನಲ್ಲೂ ಇದೇ ಗೋಳಂತೆ: ನಡುವಿನ ದ್ರವ ಆರುವಾಗ ತಂತಿಗಳನ್ನು ಹತ್ತಿರ ಎಳೆಯುತ್ತದೆ, ಒಮ್ಮೆ ಅಂಟಿದರೆ ಬಿಡುವುದು ಕಷ್ಟ, ಮಾಡಿದ ಸಾಧನವೇ ಹಾಳು. ಅದಕ್ಕೇ ಕಾರ್ಬನ್ ಡೈಆಕ್ಸೈಡ್ ತುಂಬಿ, 31 ಡಿಗ್ರಿ ದಾಟಿಸಿ, 73 ವಾಯುಭಾರದ ಮೇಲಿನ ಒತ್ತಡದಲ್ಲಿಟ್ಟು ಒಣಗಿಸುತ್ತಾರಂತೆ. ಆಗ ದ್ರವಕ್ಕೆ ಎಳೆಯಲು ಮೈಯೇ ಇರುವುದಿಲ್ಲ.

"ಮೊದ್ಲ ಕಸಬರಿಗಿ ತಗೊಂಡ್ ಬಾ" ಎಂದಳು ಅವ್ವ.

ಹಳೇ ಊರಿನ ಮನೆಯಲ್ಲಿ ಕೋಲು ಹಿಡಿಯಲು ಓಣಿಯ ಹೆಂಗಸರೇ ಬರುತ್ತಿದ್ದರು, ಕರೆಯಬೇಕಿರಲಿಲ್ಲ. ಆ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಶ್ಯಾವಿಗಿ ಮಾಡುವ ಮಣಿ ಮಾತ್ರ ನಮ್ಮ ಜೊತೆ ಬಂದು ಅಟ್ಟದ ಮೇಲಿದೆ. ಓಣಿಯವರು ಒಬ್ಬೊಬ್ಬರು ಒಂದೊಂದು ಸೆಕ್ಟರಿನಲ್ಲಿದ್ದಾರೆ.

ನಿನ್ನೆ ಹುಡುಗ ಹಾಸ್ಟೆಲಿಗೆ ಹೊರಟ. ಅವ್ವ ಎರಡು ಕಿಲೋ ಶ್ಯಾವಿಗಿ ಕಟ್ಟಿಕೊಟ್ಟಳು. ಮುರಿಯದ್ದನ್ನೇ ಆರಿಸಿ.