ಸತ್ಯಾಂಶ: ತಾಳವಾಡಿಯ ಹೊಲಕ್ಕೆ ಬಂದ ಜಿಂಕೆ ಕಾಡಿನ ಗಣತಿಯಲ್ಲ

‘ಸತ್ಯಮಂಗಲದ ಕಾಡು ತಾಳುವುದಕ್ಕಿಂತ ಜಿಂಕೆ ಹೆಚ್ಚಾಗಿದೆ, ಹೊಲಕ್ಕೆ ಬರುವುದೇ ಸಾಕ್ಷಿ, ಕೊಲ್ಲದಿದ್ದರೆ ಅಲಾಸ್ಕಾದ ದ್ವೀಪದ ಗತಿಯೇ’ ಎಂಬ ಸಂದೇಶ ತಮಿಳುನಾಡಿನ ಆ ಕಾಡಂಚಿನ ತಾಳವಾಡಿಯ ಕಡೆ ಹರಿದಾಡುತ್ತಿದೆ.

ದ್ವೀಪದ ಸಂಗತಿ ನಿಜ. ಸೇಂಟ್ ಮ್ಯಾಥ್ಯೂ ದ್ವೀಪದಲ್ಲಿ 1944ರಲ್ಲಿ ಬಿಟ್ಟ 29 ಹಿಮಸಾರಂಗಗಳು 1963ಕ್ಕೆ ಸುಮಾರು 6,000ಕ್ಕೇರಿ, ನಿಧಾನವಾಗಿ ಬೆಳೆಯುವ ಕಲ್ಲುಹೂವನ್ನೆಲ್ಲ ಮೇಯ್ದು, ಕಠಿಣ ಚಳಿಗಾಲಕ್ಕೂ ಸಿಕ್ಕಿ, 1966ರಲ್ಲಿ 42 ಮಾತ್ರ ಉಳಿದಿದ್ದವು. ಆದರೆ ಅಲ್ಲಿ ಅವುಗಳನ್ನು ಬೇಟೆಯಾಡುವ ಪ್ರಾಣಿಯಿರಲಿಲ್ಲ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದಲ್ಲಿ ಹುಲಿ, ಚಿರತೆ, ಸೀಳುನಾಯಿ ಮೂರೂ ಇವೆ.

ಕಾಡು ಎಷ್ಟು ಪ್ರಾಣಿಗಳನ್ನು ತಾಳಬಲ್ಲದು ಎಂಬ ಧಾರಣಾ ಸಾಮರ್ಥ್ಯವೂ ಒಮ್ಮೆ ಗೊತ್ತುಮಾಡಿಬಿಡುವ ಅಂಕಿಯಲ್ಲ: ಮಳೆ ಕೈಕೊಟ್ಟ ವರ್ಷ ಅದು ಕುಗ್ಗುತ್ತದೆ, ಲಂಟಾನ ಎಂಬ ಕಳೆಪೊದೆ ಹಬ್ಬಿ ಅದರಡಿ ಹುಲ್ಲು ಏಳದಾದರೆ ಇನ್ನಷ್ಟು. ಕಾಡಂಚಿನ ರಾಗಿಯ ಎಳೆಪೈರು ಬಲಿತ ಹುಲ್ಲಿಗಿಂತ ರುಚಿ, ಹಾಗಾಗಿ ನಾಲ್ಕೇ ಜಿಂಕೆಗಳಿದ್ದರೂ ಬೇಲಿ ನುಸುಳುತ್ತವೆ. ಬೆಳಿಗ್ಗೆ ತುದಿ ಹರಿದ ಸಾಲುಗಳನ್ನು ಕಂಡ ರೈತನ ನಷ್ಟ ದಿಟವೇ, ಪರಿಹಾರವೂ ಸಲ್ಲಬೇಕು. ಆದರೆ ‘ಹೆಚ್ಚಾಗಿದೆ’ ಎನ್ನಲು ಕಾಡಿನೊಳಗೆ ನಡೆದು ಜಿಂಕೆಯನ್ನೂ ಮೇವನ್ನೂ ಅಳೆಯಬೇಕಾಗುತ್ತದೆ.