ಸೈನಸ್‌ನ್ಯಾಗಿನ ಎಲುಬಿನ ಗಂಟು ಎಣ್ಣಿಗೆ ಕರಗೂದಿಲ್ರಿ

ನಮ್ಮ ಹುಬ್ಬಳ್ಳಿ ಮನಿ ಗ್ರೂಪಿನ್ಯಾಗ ಮತ್ತ ಅದ ಮೆಸೇಜ್ ಬಂದೈತಿ: ಸೈನಸ್‌ನ್ಯಾಗ (ಮೂಗಿನ ಸುತ್ತಲಿನ ಎಲುಬಿನೊಳಗಿನ ಗಾಳಿ ಜಾಗಾ) ಗಂಟು ಅಂದ್ರ ಕ್ಯಾನ್ಸರ್ ಶುರು, ದಿನಾ ಮೂಗಿಗೆ ಎಣ್ಣಿ ಬಿಟ್ರ ಕರಗತೈತಿ ಅಂತ. ಕಳಿಸಿದವ್ರು ಕಾಳಜಿಯಿಂದನ ಕಳ್ಸಿರ್ತಾರ, ಆದ್ರ ಎರಡೂ ಮಾತು ತಪ್ಪು.

ರಿಪೋರ್ಟಿನ್ಯಾಗ ಆಸ್ಟಿಯೋಮಾ ಅಂತ ಬರ್ದಿದ್ರ ಅದು ಎಲುಬಿನ ಗಂಟು, ಕ್ಯಾನ್ಸರ್ ಅಲ್ಲ, ಮುಂದ ಕ್ಯಾನ್ಸರ್ ಆಗಿ ತಿರುಗೂದೂ ಇಲ್ಲ. ಹೆಚ್ಚಾಗಿ ಹುಬ್ಬಿನ ಮ್ಯಾಲಿನ ಹಣಿ ಸೈನಸ್‌ನ್ಯಾಗ ಇರ್ತೈತಿ, ಭಾಳ ನಿಧಾನ ಬೆಳಿತೈತಿ, ಎಷ್ಟೋ ಮಂದಿಗೆ ಬ್ಯಾರೆ ಯಾವುದಕ್ಕೋ ಸಿಟಿ ಸ್ಕ್ಯಾನ್ ಮಾಡ್ಸಿದಾಗ ಅಚಾನಕ್ ಗೊತ್ತಾಗ್ತೈತಿ, ನೂರು ಸ್ಕ್ಯಾನಿಗೆ ಹೆಚ್ಚಂದ್ರ ಮೂರರಾಗ. ಫಿಲ್ಮ್ ಬೆಳಕಿಗೆ ಹಿಡಿದ್ರ ಕರೇ ಗಾಳಿ ಜಾಗಾದಾಗ ಸುಣ್ಣದ ಹಳ್ಳಿನಂಗ ಬೆಳ್ಳಗ ಕಾಣ್ತೈತಿ. ಅದು ಎಲುಬು, ಎಣ್ಣಿಗೆ ಹೆಂಗ ಕರಗತೈತ್ರಿ? ಉಲ್ಟಾ ದಿನಾ ಎಣ್ಣಿ ಬಿಟ್ರ ಪುಪ್ಪುಸಕ್ಕ ಇಳಿದು ನ್ಯುಮೋನಿಯಾ ಆಗಬಹುದು.

ತ್ರಾಸ ಇಲ್ಲಂದ್ರ ಸುಮ್ನ ಬಿಟ್ಟು, ಆಗಾಗ ಸ್ಕ್ಯಾನ್ ಮಾಡ್ಸಿ ನೋಡ್ತಾರ. ಸೈನಸ್ ದಾರಿ ಮುಚ್ಚಿ ತಲಿಶೂಲಿ, ಸೋಂಕು ಆಗಾಕತ್ತಿದ್ರ, ಕಣ್ಣು ಮುಂದ ಬಂದ್ರ, ಒಂದು ಎರಡಾಗಿ ಕಂಡ್ರ ಆಪರೇಷನ್, ಈಗ ಭಾಳಷ್ಟು ಮೂಗಿನೊಳಗಿಂದನ ದುರ್ಬೀನು ಹಾಕಿ ಮಾಡ್ತಾರ. ಗಂಟು ಒಂದಕ್ಕಿಂತ ಹೆಚ್ಚಿದ್ರ ದೊಡ್ಡ ಕರುಳಿನ್ಯಾಗ ಪಾಲಿಪ್ (ಒಳಗೋಡಿಗೆ ಬೆಳಿಯೂ ಸಣ್ಣ ಗಂಟು) ಅದಾವೇನಂತ ನೋಡೂದೂ ಐತಿ, ಎರಡೂ ಕೂಡಿ ಬರೂ ಗಾರ್ಡ್ನರ್ ಸಿಂಡ್ರೋಮ್ ಅನ್ನೂ ರೋಗ ಇರಬಹುದಂತ, ಅದು ಅಪರೂಪದ್ದು.

ಇಂಥಾ ಮೆಸೇಜ್ ಬಂದ್ರ ತಾರೀಖು ಐತೇನು, ಯಾರು ಹೇಳಿದ್ದು ಅಂತ ಐತೇನು ನೋಡ್ರಿ. ನಿಮ್ಮ ರಿಪೋರ್ಟಿನ ಕಡಿ ಸಾಲಿನ್ಯಾಗಿನ ಹೆಸರು ಹಂಗ ಟೈಪ್ ಮಾಡಿ ಹುಡುಕ್ರಿ, ‘ಗಂಟು’ ಅಂತಷ್ಟ ಹುಡುಕಿದ್ರ ಸಿಗೂದೆಲ್ಲಾ ಹೆದರಿಕಿನ. ಹಳೇ ಫಿಲ್ಮ್ ಇದ್ರ ಒಗಿಬ್ಯಾಡ್ರಿ, ಗಂಟು ಬೆಳದೈತೋ ಇಲ್ಲೋ ಅಂತ ಕಿವಿ-ಮೂಗು-ಗಂಟಲು ಡಾಕ್ಟರ್ ಅದನ್ನ ಹೊಸಾದಕ್ಕ ಹೋಲಿಸಿ ನೋಡ್ತಾರ.