ಚಟ್ನಿಪುಡಿ ಪಾಸಾಯಿತು, ಜೋಕು ಸಿಕ್ಕಿಬಿತ್ತು

ದಾವಣಗೆರೆಯಿಂದ ಮ್ಯಾಂಚೆಸ್ಟರ್‌ಗೆ ಹೊರಟವರ ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಪುಡಿ ಎರಡು ಕೆಜಿ, ಗುರೆಳ್ಳು ಪುಡಿ ಒಂದು ಕೆಜಿ, ಖಡಕ್ ರೊಟ್ಟಿ ಐವತ್ತು ಇದ್ದೇ ಇರುತ್ತವೆ. ಕವರಿನ ಮೇಲೆ ಕವರ್ ಹಾಕಿ, ಟೇಪ್ ಸುತ್ತಿ, ತಕ್ಕಡಿಗೆ ಮೂರು ಸಲ ಹತ್ತಿಸಿ ಇಳಿಸುವ ಮನೆಯವರು ಒಂದು ಸಾಮಾನನ್ನು ಮಾತ್ರ ಕಟ್ಟುವುದೇ ಇಲ್ಲ. ನಮ್ಮೂರಿನ ತಮಾಷೆ. ಅದು ಬಾಯೊಳಗೆ ಸಡಿಲವಾಗಿಯೇ ಹೋಗುತ್ತದೆ. ಮೊದಲು ಸೋರುವುದೂ ಅದೇ.

ಸೋರುವ ಮೊದಲ ಜಾಗ ವಿಮಾನ ನಿಲ್ದಾಣ. ಇಡ್ಲಿ, ದೋಸೆಗೆ ಹಚ್ಚಿಕೊಳ್ಳುವ ಪುಡಿಗೆ ದೊಡ್ಡ ಹೋಟೆಲುಗಳ ಮೆನುವಿನಲ್ಲಿ ‘ಗನ್‌ಪೌಡರ್’ ಅಂತ ಬರೆದಿರುತ್ತಾರೆ. ಮೆನುವಿನಲ್ಲಿ ಚೆಂದ. ಸೆಕ್ಯೂರಿಟಿಯವರು ಡಬ್ಬಿ ಎತ್ತಿ ಹಿಡಿದು ‘ಇದೇನು?’ ಅಂದಾಗ ಆ ಹೆಸರು ಬಾಯಿಗೆ ಬರಬಾರದು. ಬಾಂಬು, ಮದ್ದು ಎಂಬ ಮಾತು ಕಿವಿಗೆ ಬಿದ್ದರೆ ಅದನ್ನು ನಿಜವೆಂದೇ ಹಿಡಿದು ಮುಂದಿನ ಕೆಲಸ ಮಾಡುವುದು ಅವರ ಡ್ಯೂಟಿ. ‘ಪೀನಟ್ ಪೌಡರ್’ ಅನ್ನಿ, ಬಾಯಿ ಮುಚ್ಚಿ. ಅಮೆರಿಕದ ಕಡೆ ಹೋಗುವವರು 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿಯನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಬೇರೆ ತಪಾಸಣೆ ಆಗುತ್ತದೆ. ಅದಕ್ಕೇ ಪುಡಿಯನ್ನು ದೊಡ್ಡ ಸೂಟ್‌ಕೇಸಿಗೆ ಹಾಕುವುದು. ಜೋಕನ್ನು ಊರಲ್ಲೇ ಬಿಟ್ಟರೂ ನಡೆದೀತು.

ಮ್ಯಾಂಚೆಸ್ಟರ್ ಮುಟ್ಟಿದಿರಿ ಅನ್ನೋಣ. 19ನೇ ಶತಮಾನದಲ್ಲಿ ಹತ್ತಿಯಿಂದಲೇ ‘ಕಾಟನೊಪೊಲಿಸ್’ ಎನಿಸಿಕೊಂಡಿದ್ದ ಊರು ಅದು. ಕಾಟನ್ ಮಿಲ್ಲುಗಳ ಕಾಲದಲ್ಲಿ ದಾವಣಗೆರೆಗೆ ಅದರ ಹೆಸರನ್ನೇ ಇಟ್ಟು ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂದರು. ಅಲ್ಲಿನ ಮಿಲ್ಲುಗಳಲ್ಲಿ ಎಷ್ಟೋ ಈಗ ಫ್ಲ್ಯಾಟುಗಳಾಗಿವೆ, ಇಲ್ಲಿನವು ಬಹುಪಾಲು ಬಾಗಿಲು ಹಾಕಿವೆ. ಈ ಸಂಬಂಧವನ್ನು ಅಲ್ಲಿ ಹೇಳಿಕೊಂಡರೆ ಎದುರಿನವರು ಮುಖದ ಒಂದು ಗೆರೆಯನ್ನೂ ಅಲುಗಿಸದೆ ‘ಪಾಪ, ನಿಮಗೂ ಮಳೆಯಾ?’ ಅಂತ ಕೇಳುತ್ತಾರೆ. ಅದು ಜೋಕು. ಗೊತ್ತಾಗದ ನಮ್ಮ ಹುಡುಗ ಏಪ್ರಿಲ್ ತಿಂಗಳ ಬಿಸಿಲು, ಭದ್ರಾ ನಾಲೆಯ ನೀರು, ಕುಂದವಾಡ ಕೆರೆಯ ಮಟ್ಟ ಎಲ್ಲವನ್ನೂ ವಿವರವಾಗಿ ಒಪ್ಪಿಸುತ್ತಾನೆ. ‘ಇಲ್ಲ, ಅದೊಂದನ್ನ ನಿಮಗೇ ಬಿಟ್ಟಿದೀವಿ’ ಅಂದಿದ್ದರೆ ಸಾಕಿತ್ತು.

ಎಡವಟ್ಟಿನ ಮೂಲ ಇಲ್ಲೇ ಇದೆ. ನಮ್ಮಲ್ಲಿ ತಮಾಷೆ ಬರುವ ಮುಂಚೆ ಹಾರ್ನ್ ಹೊಡೆಯುತ್ತದೆ. ದನಿ ಏರುತ್ತದೆ, ಹುಬ್ಬು ಮೇಲೆ ಹೋಗುತ್ತದೆ, ‘ಏನ್ಲೇ’ ಬರುತ್ತದೆ, ಕೊನೆಗೆ ಬೆನ್ನಿಗೊಂದು ಗುದ್ದು. ಅಲ್ಲಿಯದು ಹಾರ್ನಿಲ್ಲದ ಗಾಡಿ. ಮೈಮೇಲೆ ಬಂದು ಹೋದ ಮೇಲೇ ಗೊತ್ತು. ಇಂಗ್ಲಿಷರು ತೀರಾ ಗಂಭೀರವಾಗಿ ಅಸಂಬದ್ಧವಾದದ್ದೇನೋ ಹೇಳಿದರೆ ಎರಡು ಸೆಕೆಂಡು ತಡೆಯಿರಿ. ಪಕ್ಕದವರ ತುಟಿಯ ಮೂಲೆ ನೋಡಿ. ಅಲ್ಲಿ ಚೂರು ಅಲುಗಾಡಿದ್ದರೆ ನಗಬಹುದು, ಅದೂ ಮೂಗಿನಲ್ಲಿ. ಜೋಳದ ಚೀಲ ಜಾರಿ ಬಿದ್ದ ಹಾಗೆ ನಕ್ಕರೆ ಆಫೀಸಿನ ಆ ತುದಿಯವರೂ ಎದ್ದು ನಿಲ್ಲುತ್ತಾರೆ.

ಮಾತಿನ ತೂಕದಲ್ಲೂ ಮೋಸ. ‘ನಾಟ್ ಬ್ಯಾಡ್’ ಅಂದರೆ ಚೆನ್ನಾಗಿದೆ ಅಂತ. ಅದೇ ‘ಕ್ವೈಟ್ ಗುಡ್’ ಅಂದರೆ ಇಂಗ್ಲೆಂಡಿನಲ್ಲಿ ಪರವಾಗಿಲ್ಲ ಅಂತ, ಅಮೆರಿಕದಲ್ಲಿ ತುಂಬಾ ಚೆನ್ನಾಗಿದೆ ಅಂತ. ‘ವೆರಿ ಇಂಟರೆಸ್ಟಿಂಗ್’ ಅಂದರೆ ನಿಮ್ಮ ಐಡಿಯಾಕ್ಕೆ ತಿಥಿ ಊಟವೂ ಮುಗಿದಿದೆ ಅಂತ. ಇದನ್ನು ಕೇಳಿ ಮೂಗು ಮುರಿಯಬೇಡಿ. ಸಾಲ ವಾಪಸ್ ಕೇಳಿದವರಿಗೆ ಮಂಡಿಪೇಟೆಯಲ್ಲಿ ಹೇಳುವ ‘ನೋಡಾನ ಬಿಡ್ರೀ’ ಯಾವ ಜಾತಿಯ ಮಾತು?

‘ಆಲ್‌ರೈಟ್?’ ಅಂತ ಎದುರಾದವರು ಕೇಳಿದರೆ ಉತ್ತರವೂ ‘ಆಲ್‌ರೈಟ್’. ನಿನ್ನೆಯಿಂದ ಹೊಟ್ಟೆ ಸರಿಯಿಲ್ಲ ಎಂಬ ವರದಿ ಬೇಡ. ಕೇಳಿದವರು ಅಷ್ಟೊತ್ತಿಗೆ ಲಿಫ್ಟ್ ಒಳಗಿರುತ್ತಾರೆ. ನಮ್ಮ ‘ಊಟ ಆತಾ?’ ಇದೇ ವರ್ಗದ ಪ್ರಶ್ನೆ. ಅದನ್ನು ಇಂಗ್ಲಿಷಿಗೆ ತಿರುಗಿಸಿ ಸಹೋದ್ಯೋಗಿಯನ್ನು ಕೇಳಿದರೆ ಊಟಕ್ಕೆ ಕರೆಯುತ್ತಿದ್ದೀರಿ ಎಂದುಕೊಂಡು ಆಕೆ ಕೋಟು ಹಾಕಿಕೊಳ್ಳಬಹುದು, ಇಲ್ಲವೇ ಗಂಡನ ಫೋಟೋ ತೋರಿಸಬಹುದು. ಚೀನಾದವರಿದ್ದರೆ ಧೈರ್ಯವಾಗಿ ಕೇಳಿ, ಅವರಲ್ಲೂ ಕುಶಲ ಪ್ರಶ್ನೆ ಹಾಗೇ ಇದೆ. ಸಂಜೆ ಹೊರಡುವಾಗ ‘ಹೋಗಿ ಬರ್ತೀನಿ’ಯನ್ನು ಪದಶಃ ಇಂಗ್ಲಿಷಿನಲ್ಲಿ ಹೇಳಿದಿರೋ, ದೀಪ ಆರಿಸದೆ ನಿಮಗಾಗಿ ಕಾಯುತ್ತಾರೆ.

ಮ್ಯಾಂಚೆಸ್ಟರಿನ ಅಂಗಡಿಯಾಕೆ ಚಿಲ್ಲರೆ ಕೊಡುತ್ತಾ ‘ಥ್ಯಾಂಕ್ಯೂ ಲವ್’ ಅನ್ನುತ್ತಾಳೆ. ನಿಮ್ಮ ಹಿಂದೆ ನಿಂತಿರುವ ಎಪ್ಪತ್ತರ ಅಜ್ಜನಿಗೂ ಅದನ್ನೇ ಅನ್ನುತ್ತಾಳೆ. ಅದು ನಮ್ಮ ತರಕಾರಿಯಾಕೆಯ ‘ಬಾರಪ್ಪ, ತಗಳಪ್ಪ’ ಇದ್ದ ಹಾಗೆ. ಊರಿಗೆ ಫೋನು ಮಾಡಿ ಹೇಳುವಂಥದ್ದೇನೂ ನಡೆದಿರುವುದಿಲ್ಲ.

ಇನ್ನು ಸ್ವಂತ ಮಾಲು ರಫ್ತು ಮಾಡುವ ಪ್ರಯತ್ನ. ದಾವಣಗೆರೆಯಲ್ಲಿ ‘ಖಾಲಿ’ ಅನ್ನುವುದು ದೋಸೆಯ ಒಂದು ಜಾತಿ, ಬೆಣ್ಣೆ ದೋಸೆ, ಓಪನ್ ದೋಸೆ ಇದ್ದ ಹಾಗೆ. ಹನ್ನೊಂದು ಗಂಟೆ ದಾಟಿದ ಮೇಲೆ ಹೋಟೆಲಿಗೆ ಹೋಗಿ ‘ಖಾಲಿ ಐತಾ?’ ಅಂದರೆ ‘ಖಾಲಿ ಖಾಲಿ ಆತು, ಬೆಣ್ಣೆ ಐತೆ’ ಅಂತ ಉತ್ತರ ಬರುತ್ತದೆ. ಪಕ್ಕದ ಟೇಬಲಿನವನು ಅದಕ್ಕೆ ‘ಟೇಬಲ್ಲೂ ಖಾಲಿ ಇಲ್ಲ’ ಅಂತ ಸೇರಿಸುತ್ತಾನೆ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಮೊದಲು ದೋಸೆ ಏನೆಂದು ಹೇಳಬೇಕು. ಆಮೇಲೆ ಅದರೊಳಗೆ ಏನೂ ಇಲ್ಲದಿದ್ದರೂ ದುಡ್ಡು ಯಾಕೆ ಕೊಡಬೇಕು ಅನ್ನುವುದಕ್ಕೆ ಸಮಜಾಯಿಷಿ. ಆಮೇಲೆ ಒಂದೇ ಪದಕ್ಕೆ ಎರಡು ಅರ್ಥವೆಂದು ವ್ಯಾಕರಣ ಪಾಠ. ಅಷ್ಟರಲ್ಲಿ ಕಾಫಿ ಬಿಡುವು ಖಾಲಿ. ಕಲಸಿಟ್ಟ ಮಂಡಕ್ಕಿಯನ್ನು ಹತ್ತು ನಿಮಿಷ ಬಿಟ್ಟು ತಿಂದು ನೋಡಿ. ಈರುಳ್ಳಿ, ಪುಟಾಣಿ ಪುಡಿ, ಎಣ್ಣೆ, ಖಾರ ಎಲ್ಲ ಅಲ್ಲೇ ಇರುತ್ತವೆ. ಗರಿ ಮಾತ್ರ ಇರುವುದಿಲ್ಲ. ವಿವರಿಸಿದ ಶ್ಲೇಷೆಯ ಗತಿಯೂ ಅದೇ. ಶ್ಲೇಷೆ ಮತ್ತು ‘ದೋಸೆ-ಗೀಸೆ, ಆಫೀಸು-ಗೀಫೀಸು’ ಮಾದರಿಯ ಮಾತುಗಳನ್ನು ಮನೆ ಬಳಕೆಗೆ ಇಟ್ಟುಕೊಳ್ಳುವುದು ಕ್ಷೇಮ.

ಕಾಲೆಳೆಯುವುದರಲ್ಲಿ ಅಪಾಯ ಜಾಸ್ತಿ. ನಮ್ಮಲ್ಲಿ ವರ್ಷದ ಮೇಲೆ ಸಿಕ್ಕವರಿಗೆ ಹೇಳಲು ಇರುವುದು ಎರಡೇ ಮಾತು: ‘ದಪ್ಪ ಆಗೀಯಲ್ಲೋ’, ಇಲ್ಲವೇ ‘ಸೊರಗೀಯಲ್ಲೋ’. ಮಧ್ಯದ ತೂಕ ಯಾರಿಗೂ ಇಲ್ಲ. ಅಲ್ಲಿ ಎರಡೂ ನಡೆಯುವುದಿಲ್ಲ. ವಯಸ್ಸು, ಧರ್ಮ, ಬಣ್ಣ, ಅಂಗವೈಕಲ್ಯ, ಹೆಣ್ಣು-ಗಂಡು ಇಂಥವನ್ನು ಮುಟ್ಟಿದರೆ ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಇದೆ. ಅದರಲ್ಲಿ ಇಂಥ ಒಂಬತ್ತು ವಿಷಯಗಳ ಪಟ್ಟಿಯೇ ಇದೆ. ‘ತಮಾಷೆಗೆ ಅಂದೆ’ ಎಂಬ ನೆಪ ಅದರ ಮುಂದೆ ಓಡುವುದಿಲ್ಲ; ಕೇಳಿದವರಿಗೆ ಏನಾಯಿತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಮೊದಲ ಆರು ತಿಂಗಳು ಎಳೆಯಲೇಬೇಕಾದರೆ ನಿಮ್ಮ ಕಾಲನ್ನೇ ಎಳೆದುಕೊಳ್ಳಿ. ಇಂಗ್ಲಿಷರಿಗೆ ಅದು ಬಹಳ ಇಷ್ಟ. ಆಸ್ಟ್ರೇಲಿಯಾ ಆದರೆ ನಮ್ಮವರಿಗೆ ಸ್ವಲ್ಪ ಸಲೀಸು. ಅಲ್ಲಿ ಕೆಂಪು ಕೂದಲಿನವನನ್ನು ಪ್ರೀತಿಯಿಂದ ‘ಬ್ಲೂಯಿ’ ಅಂತ ಕರೆಯುವ ವಾಡಿಕೆ ಇದೆ. ನೂರು ಕೆಜಿ ತೂಗುವವನಿಗೆ ‘ಕಡ್ಡಿ’ ಅಂತ ಹೆಸರಿಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲಿ ನಗಬೇಕೆಂದೇ ತಿಳಿಯದವರಿಗೆ ಜರ್ಮನಿಯ ಕೊಲೋನ್ ಊರಿನ ಕಾರ್ನಿವಲ್ ವಾಸಿ. ಹಬ್ಬದ ಕಾಲ ನವೆಂಬರ್ 11ರಂದು 11 ಗಂಟೆ 11 ನಿಮಿಷಕ್ಕೆ ಶುರು, ತಮಾಷೆಗೂ ಪಂಚಾಂಗ. ವೇದಿಕೆಯ ಮೇಲಿನ ಹಾಸ್ಯ ಭಾಷಣದಲ್ಲಿ ಜೋಕು ಮುಗಿದ ಕೂಡಲೇ ಬ್ಯಾಂಡಿನವರು ಒಂದು ಸಲ ಊದುತ್ತಾರೆ. ಊದಿದರೆ ನಗುವುದು. ನಮ್ಮ ಮದುವೆಯ ಬ್ಯಾಂಡ್‌ಸೆಟ್ಟಿನವರಿಗೆ ಇದೊಂದು ಹೆಚ್ಚುವರಿ ಆದಾಯ ಆಗಬಹುದಿತ್ತು. ಜಪಾನಿನಲ್ಲಿ ಇನ್ನೂ ಸುಲಭದ ದಾರಿ ಇದೆಯೆಂದು ತೋರಿಸಿಕೊಟ್ಟವರು ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ದುಭಾಷಿ. ಅಧ್ಯಕ್ಷಗಿರಿ ಮುಗಿದ ಮೇಲೆ ಕಾರ್ಟರ್ ಅಲ್ಲಿನ ಕಾಲೇಜೊಂದರಲ್ಲಿ ಜೋಕು ಹೇಳಿದರು, ಸಭೆ ಬಿದ್ದು ಬಿದ್ದು ನಕ್ಕಿತು. ಹೇಗೆ ಅನುವಾದಿಸಿದೆಯಪ್ಪಾ ಅಂತ ಆಮೇಲೆ ಬಿಡದೆ ಕೇಳಿದ್ದಕ್ಕೆ, ‘ಕಾರ್ಟರ್ ಅವರು ತಮಾಷೆಯ ಕತೆ ಹೇಳಿದ್ದಾರೆ, ಎಲ್ಲರೂ ನಗಬೇಕು ಅಂದೆ’ ಎಂದು ಆತ ಒಪ್ಪಿಕೊಂಡ. ಇದನ್ನು ಕಾರ್ಟರ್ ಅವರೇ ಹೇಳಿಕೊಂಡು ನಗುತ್ತಿದ್ದರು.

ಕೊನೆಯ ಎಡವಟ್ಟು ಆಗುವುದು ವಾಪಸ್ ಬಂದ ಮೇಲೆ. ಎರಡು ವರ್ಷ ಅಲ್ಲಿದ್ದವರ ನಾಲಿಗೆ ಅಲ್ಲಿಯ ಅಳತೆಗೆ ಹೊಂದಿಕೊಂಡಿರುತ್ತದೆ. ಹೋಟೆಲಿನಲ್ಲಿ ಬೆಣ್ಣೆ ದೋಸೆ ಬರುತ್ತದೆ, ಮೇಲಿನ ಬೆಣ್ಣೆ ಇನ್ನೂ ಪೂರಾ ಕರಗಿರುವುದಿಲ್ಲ. ‘ಹೆಂಗೈತ್ರೀ?’ ಅಂತ ದೋಸೆ ಹುಯ್ಯುವವರೇ ಕೇಳುತ್ತಾರೆ. ಇವರು ಮ್ಯಾಂಚೆಸ್ಟರಿನ ಮುಖದಲ್ಲಿ ‘ಕೆಟ್ಟದಾಗೇನಿಲ್ಲ’ ಅನ್ನುತ್ತಾರೆ. ಕಾವಲಿ ಮೇಲೆ ನೀರು ಚುಮುಕಿಸುತ್ತಿದ್ದ ಕೈ ನಿಲ್ಲುತ್ತದೆ. ‘ಏನ್ ಕೆಟ್ಟೈತ್ರೀ? ಹಿಟ್ಟಾ? ಬೆಣ್ಣೆನಾ?’ ಆಗ ಇಂಗ್ಲಿಷರ ಹಾಸ್ಯಪ್ರಜ್ಞೆಯ ಬಗ್ಗೆ ಉಪನ್ಯಾಸ ಕೊಡಲು ಹೋಗಬಾರದು. ‘ಇನ್ನೆರಡು ಹಾಕಣ್ಣ, ಬೆಣ್ಣೆ ಜಾಸ್ತಿ’ ಅನ್ನಬೇಕು. ಎರಡನ್ನೂ ಅಲ್ಲೇ ಕೂತು ತಿಂದು ಮುಗಿಸಬೇಕು, ಪಾರ್ಸಲ್ ಲೆಕ್ಕಕ್ಕಿಲ್ಲ.